ಬೋಟಿನ ಡೆಕ್ಕಿಗೆ ಬೇಕಾದಷ್ಟೇ ತೆರೆಯಬಹುದಾದ ಗಾಳಿಕಿಂಡಿ: ವಿನ್ಯಾಸ ಹೇಗಿರಬೇಕು?

ಮಲ್ಪೆ ಬೋಟುಮನೆ (ಮೇ 14)

ಎಲ್ಲರಿಗೂ ನಮಸ್ಕಾರ. ನಮ್ಮದು 68 ಅಡಿಯ ಟ್ರಾಲ್ ಬೋಟು. ಒಡಲು ಮರದ್ದು, ಅದರ ಮೇಲೆ ಫೈಬರ್ ಹೊದಿಕೆ. ಒಮ್ಮೆ ಕಡಲಿಗೆ ಇಳಿದರೆ ಹತ್ತು ದಿನ ಧಕ್ಕೆಗೆ ಮರಳುವುದಿಲ್ಲ. ವೀಲ್‌ಹೌಸಿನ (ಚುಕ್ಕಾಣಿ ಹಿಡಿಯುವ ಕೋಣೆಯ) ಮುಂದುಗಡೆ, ಡೆಕ್ಕಿನ ಕೆಳಗೆ ಆರು ಮಂದಿ ಮಲಗುವ ಕೋಣೆಯಿದೆ. ಅದಕ್ಕೆ ಇರುವ ಕಿಂಡಿಯೆಂದರೆ ನಾವು ಇಳಿಯುವ ಬಾಗಿಲೊಂದೇ. ಅಲೆ ಎದ್ದಾಗ ಅದನ್ನೂ ಮುಚ್ಚಿಬಿಟ್ಟರೆ ಡೀಸೆಲ್ ವಾಸನೆ, ಒದ್ದೆ ಬಟ್ಟೆಯ ವಾಸನೆ, ಹಲಗೆಯ ಆಚೆಗಿನ ಇಂಜಿನ್ ಕೋಣೆಯ ಸೆಕೆ ಎಲ್ಲವೂ ಸೇರಿ ಯಾರಿಗೂ ಕಣ್ಣು ಹತ್ತುವುದಿಲ್ಲ. ಏಪ್ರಿಲ್‌ನಿಂದೀಚೆಗೆ ಹುಡುಗರು ಕೆಳಗಿಳಿಯುವುದನ್ನೇ ಬಿಟ್ಟು ಬಲೆಯ ರಾಶಿಯ ಮೇಲೆ ಮಲಗುತ್ತಿದ್ದಾರೆ. ರಾತ್ರಿ ಬೋಟು ಹೊರಳಿದರೆ ಏನು ಗತಿ ಎಂಬುದು ನನ್ನ ಚಿಂತೆ.

ಜೂನ್ 1ರಿಂದ ಜುಲೈ 31ರವರೆಗೆ ಹೇಗೂ 61 ದಿನ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಅವಧಿಯಲ್ಲಿ ಡೆಕ್ಕಿಗೆ ಒಂದು ಗಾಳಿಕಿಂಡಿ ಕೂರಿಸಬೇಕೆಂದಿದ್ದೇನೆ. ಅಂಗಡಿಯಲ್ಲಿ ಸಿಗುವ ಅಣಬೆಯಾಕಾರದ ವೆಂಟುಗಳು ಒಂದೋ ಪೂರ್ತಿ ತೆರೆದಿರುತ್ತವೆ, ಇಲ್ಲವೇ ಪೂರ್ತಿ ಮುಚ್ಚಿರುತ್ತವೆ. ನನಗೆ ಬೇಕಿರುವುದು ಒಳಗಿನಿಂದಲೇ ಹೆಚ್ಚು ಕಡಿಮೆ ಮಾಡಬಹುದಾದ ಕಿಂಡಿ.

ನಾನು ಯೋಚಿಸಿರುವುದು ಇಷ್ಟು. ಹಳೆಯ ಪೌಡರ್ ಡಬ್ಬಿಯ ಮುಚ್ಚಳ ನೆನಪಿಸಿಕೊಳ್ಳಿ. ಒಂದರ ಮೇಲೊಂದು ಎರಡು ತಟ್ಟೆಗಳು, ಎರಡರಲ್ಲೂ ಒಂದೇ ಬಗೆಯ ತೂತುಗಳು. ಮೇಲಿನದನ್ನು ತಿರುಗಿಸಿದರೆ ತೂತುಗಳು ಒಂದಕ್ಕೊಂದು ಸೇರಿ ತೆರೆದುಕೊಳ್ಳುತ್ತವೆ, ಇನ್ನಷ್ಟು ತಿರುಗಿಸಿದರೆ ಮುಚ್ಚಿಕೊಳ್ಳುತ್ತವೆ. ಅದನ್ನೇ 150 ಮಿ.ಮೀ. ವ್ಯಾಸದಲ್ಲಿ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿದರೆ ಹೇಗೆ? ತಿಳಿದವರು ದಯವಿಟ್ಟು ತಪ್ಪು ತೋರಿಸಿ.

ಹಡಗಿನ ಇಂಜಿನಿಯರ್ (ಮೇ 14)

ಬೋಟುಮನೆಯವರೇ, ಮೂವತ್ತು ವರ್ಷ ವ್ಯಾಪಾರಿ ಹಡಗುಗಳ ಇಂಜಿನ್ ಕೋಣೆಯಲ್ಲಿ ಕಳೆದು ಈಗ ಮಂಗಳೂರಿನಲ್ಲಿರುವವನು ನಾನು. ಪೌಡರ್ ಡಬ್ಬಿಯ ಉಪಾಯ ಕೇಳುವುದಕ್ಕೆ ಚೆನ್ನಾಗಿದೆ. ಅಡುಗೆಮನೆಯ ಗೋಡೆಗೆ ಹಾಕಿಕೊಳ್ಳಬಹುದು, ಡೆಕ್ಕಿಗೆ ಬೇಡ.

ಮೊದಲನೆಯದಾಗಿ, ತೂತುಗಳು ಪೂರ್ತಿ ಮುಚ್ಚಬೇಕಾದರೆ ತೂತಿನಷ್ಟೇ ಅಗಲದ ತಗಡು ನಡುನಡುವೆ ಇರಲೇಬೇಕು. ಹಾಗಾಗಿ ಎಷ್ಟೇ ತೆರೆದರೂ ನಿಮಗೆ ದಕ್ಕುವುದು ಅರ್ಧ ಕೊಳವೆ ಮಾತ್ರ. ಎರಡನೆಯದಾಗಿ, ಒಂದರ ಮೇಲೊಂದು ಜಾರುವ ಎರಡು ತಟ್ಟೆಗಳ ನಡುವೆ ಉಪ್ಪು ಗಟ್ಟಿಯಾಗುತ್ತದೆ, ಮೀನಿನ ಹೊಪ್ಪೆ ಸಿಕ್ಕಿಕೊಳ್ಳುತ್ತದೆ. ಸಡಿಲವಾಗಿ ಕೂರಿಸಿದರೆ ನೀರು ಸೋರುತ್ತದೆ, ಬಿಗಿಯಾಗಿ ಕೂರಿಸಿದರೆ ತಿರುಗುವುದಿಲ್ಲ. ಜಾರುವ ಮುಚ್ಚಳವನ್ನು ಅಲೆಯ ಎದುರು ನಂಬಲಾಗದು. ಅಲ್ಲಿ ಬೇಕಾದದ್ದು ಒತ್ತಿ ಕೂರುವ ಮುಚ್ಚಳ.

ಹಡಗುಗಳಲ್ಲಿ ಈ ಕೆಲಸಕ್ಕೆ ಬಹಳ ಕಾಲದಿಂದ ಇರುವುದು ಸ್ಕ್ರೂ ಮಾದರಿ. ಕೊಳವೆಯ ಬಾಯಿಗೆ ಒಂದು ತಟ್ಟೆ, ತಟ್ಟೆಯ ಅಡಿಯಲ್ಲಿ ರಬ್ಬರ್ ಗ್ಯಾಸ್ಕೆಟ್, ನಡುವಿನಿಂದ ಕೆಳಗಿಳಿಯುವ ಥ್ರೆಡ್ ಹಾಕಿದ ಸ್ಪಿಂಡಲ್ (ತಿರುಗುವ ದಂಡ), ಕೊಳವೆಯೊಳಗೆ ಅದನ್ನು ಹಿಡಿಯುವ ಮೂರು ಕಾಲಿನ ಅಡ್ಡಪಟ್ಟಿ, ಕೆಳತುದಿಗೆ ಕೈಚಕ್ರ. ತಿರುಗಿಸಿದಷ್ಟು ತಟ್ಟೆ ಮೇಲೇಳುತ್ತದೆ. ಎಷ್ಟು ಎತ್ತಬೇಕೆಂಬುದಕ್ಕೆ ಸುಲಭದ ಲೆಕ್ಕವಿದೆ. ತಟ್ಟೆಯ ಅಂಚಿನ ಸುತ್ತ ಗಾಳಿಗೆ ಸಿಗುವ ಜಾಗವೆಂದರೆ ಕೊಳವೆಯ ಸುತ್ತಳತೆಯನ್ನು ಎತ್ತರದಿಂದ ಗುಣಿಸಿದಷ್ಟು. ಅದು ಕೊಳವೆಯ ಬಾಯಿಯ ವಿಸ್ತೀರ್ಣಕ್ಕೆ ಸಮನಾಗುವುದು ಎತ್ತರವು ವ್ಯಾಸದ ಕಾಲುಭಾಗವಾದಾಗ. ನಿಮ್ಮ 150 ಮಿ.ಮೀ. ಕೊಳವೆಗೆ 37.5 ಮಿ.ಮೀ. ಎತ್ತಿದರೆ ಸಾಕು, ಅದಕ್ಕಿಂತ ಮೇಲೆ ತಿರುಗಿಸುವುದು ಕೈಗೆ ವ್ಯಾಯಾಮ ಅಷ್ಟೇ. 20 ಮಿ.ಮೀ. ಸ್ಪಿಂಡಲಿಗೆ 4 ಮಿ.ಮೀ. ಪಿಚ್ಚಿನ, ಅಂದರೆ ಒಂದು ಸುತ್ತಿಗೆ 4 ಮಿ.ಮೀ. ಸರಿಯುವ ಥ್ರೆಡ್ ಹಾಕಿಸಿದರೆ ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆಯಲು ಒಂಬತ್ತೂವರೆ ಸುತ್ತು ಬೇಕಾಗುತ್ತದೆ.

ಇನ್ನೊಂದು ಮಾತು. ನಿಮಗೆ ಒಂದು ಕಿಂಡಿ ಸಾಲದು. ಹೊರಹೋಗಲು ದಾರಿಯಿಲ್ಲದ ಕೋಣೆಗೆ ಗಾಳಿ ಒಳಬರುವುದಿಲ್ಲ.

ವಿದ್ಯುತ್ ಪ್ರಿಯ (ಮೇ 15)

ಇಷ್ಟೆಲ್ಲ ಯಾಕೆ? 24 ವೋಲ್ಟಿನ ಒಂದು ಫ್ಯಾನ್ ಹಾಕಿದರೆ ಆಗುವುದಿಲ್ಲವೇ?

ಹಡಗಿನ ಇಂಜಿನಿಯರ್ (ಮೇ 15)

ಫ್ಯಾನಿಗೂ ಗಾಳಿ ಎಳೆದುಕೊಳ್ಳಲು ಡೆಕ್ಕಿನಲ್ಲಿ ತೂತು ಬೇಕು, ಆ ತೂತಿಗೆ ಮುಚ್ಚಳ ಬೇಕು. ಚರ್ಚೆ ಅದರದ್ದೇ.

ಹಾಯಿಪಟ (ಮೇ 16)

ನಾನು ಉಡುಪಿಯವನು, ಕೆಲಸದ ನಿಮಿತ್ತ ಆಕ್ಲೆಂಡಿನಲ್ಲಿದ್ದೇನೆ. ಇಲ್ಲಿ 32 ಅಡಿಯ ಹಳೆಯ ಹಾಯಿದೋಣಿಯೊಂದರಲ್ಲಿ ನನಗೂ ಪಾಲಿದೆ. ಇಂಜಿನಿಯರ್ ಸಾಹೇಬರು ಹೇಳಿದ ಸ್ಕ್ರೂ ಮುಚ್ಚಳದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದು ತೆರೆದಿರುವಾಗ ನೀರನ್ನು ತಡೆಯುವುದಿಲ್ಲ, ನೀರು ಬಂತೆಂದು ಮುಚ್ಚಿದರೆ ಗಾಳಿಯೂ ನಿಲ್ಲುತ್ತದೆ. ಬೋಟುಮನೆಯವರ ಕಷ್ಟವಿರುವುದೇ ಅಲೆ ಏಳುವ ರಾತ್ರಿಗಳಲ್ಲಿ. ಆದ್ದರಿಂದ ನೀರನ್ನೂ ಗಾಳಿಯನ್ನೂ ಬೇರ್ಪಡಿಸುವ ವ್ಯವಸ್ಥೆ ಮೊದಲು ಬೇಕು, ಹೆಚ್ಚು ಕಡಿಮೆ ಮಾಡುವ ಮಾತು ಆಮೇಲೆ.

ಹಾಯಿದೋಣಿಗಳಲ್ಲಿ ಇದಕ್ಕೆ ಡೊರೇಡ್ ಪೆಟ್ಟಿಗೆ ಎನ್ನುತ್ತಾರೆ. 1930ರಲ್ಲಿ ಅಮೆರಿಕದಲ್ಲಿ ನೀರಿಗಿಳಿದು, ಮರುವರ್ಷ ಅಟ್ಲಾಂಟಿಕ್ ದಾಟುವ ಸ್ಪರ್ಧೆಯನ್ನು ಗೆದ್ದ ‘ಡೊರೇಡ್’ ಎಂಬ ದೋಣಿಯಿಂದ ಬಂದ ಹೆಸರು ಅದು. ದೋಣಿಯನ್ನು ವಿನ್ಯಾಸ ಮಾಡಿದವರು ಓಲಿನ್ ಸ್ಟೀಫನ್ಸ್. ಪೆಟ್ಟಿಗೆಯ ಕೀರ್ತಿ ಅವರ ತಮ್ಮ ರಾಡ್ ಸ್ಟೀಫನ್ಸ್ ಅವರಿಗೆ ಸಲ್ಲುತ್ತದೆ. ಡೆಕ್ಕಿನ ಮೇಲೆ ಒಂದು ಪೆಟ್ಟಿಗೆಯಿದೆ ಎಂದುಕೊಳ್ಳಿ. ಅದರ ಮಾಡಿನ ಒಂದು ತುದಿಯಲ್ಲಿ ಕೌಲ್, ಅಂದರೆ ಗ್ರಾಮಾಫೋನಿನ ಕೊಂಬಿನಂತೆ ಬಾಗಿದ, ಎತ್ತ ಬೇಕಾದರೂ ತಿರುಗಿಸಬಹುದಾದ ಗಾಳಿಬಾಯಿ. ಕೋಣೆಯೊಳಗೆ ಹೋಗುವ ಕೊಳವೆ ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ಡೆಕ್ಕಿನಿಂದ ಮೇಲಕ್ಕೆ ಎದ್ದು ನಿಂತಿರುತ್ತದೆ. ಕೌಲಿನಿಂದ ನುಗ್ಗಿದ ನೀರು ಭಾರಕ್ಕೆ ನೇರ ಪೆಟ್ಟಿಗೆಯ ತಳಕ್ಕೆ ಬಿದ್ದು, ಮೂಲೆಯ ತೂತುಗಳಿಂದ ಡೆಕ್ಕಿಗೆ ಹರಿದುಹೋಗುತ್ತದೆ. ಹಗುರವಾದ ಗಾಳಿ ತಿರುಗಿ, ಎದ್ದುನಿಂತ ಕೊಳವೆಯ ಬಾಯಿಗೆ ಇಳಿಯುತ್ತದೆ. ನಮ್ಮ ದೋಣಿಯ ಪೆಟ್ಟಿಗೆಯೊಳಗೆ ಕೊಳವೆ 100 ಮಿ.ಮೀ. ಎದ್ದಿದೆ. ತುಂತುರಿಗೆ ಅದು ಬಗ್ಗಿದ್ದನ್ನು ನಾನು ಕಂಡಿಲ್ಲ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಬ್ಬ ಮನುಷ್ಯನಿಗೆ ಸೆಕೆಂಡಿಗೆ 8 ಲೀಟರ್ ಹೊಸ ಗಾಳಿ ಎಂದು ಹಿಡಿದರೆ ಆರು ಮಂದಿಗೆ 48 ಲೀಟರ್ ಆಯಿತು. ಸೆಕೆಂಡಿಗೆ 3 ಮೀಟರ್ ವೇಗದ ಮಂದ ಗಾಳಿಯಲ್ಲಿ, ಬಾಗುಗಳಲ್ಲಿ ಅರ್ಧ ವೇಗ ಸೋರಿಹೋಗುತ್ತದೆಂದು ಬಿಟ್ಟರೂ, 150 ಮಿ.ಮೀ. ಕೊಳವೆಯೊಂದು 26 ಲೀಟರಿನಷ್ಟು ಕೊಡುತ್ತದೆ. ಎರಡು ಕೊಳವೆ ಒಳಕ್ಕೆ, ಇಳಿಯುವ ಬಾಗಿಲಿನ ಬಳಿ ಅಷ್ಟೇ ಅಗಲದ ದಾರಿ ಹೊರಕ್ಕೆ ಇದ್ದರೆ ಸಾಕಾಗುತ್ತದೆ. 100 ಮಿ.ಮೀ. ಕೊಳವೆಗೆ ಆಸೆಪಟ್ಟರೆ ಸಿಗುವುದು 12 ಲೀಟರ್ ಮಾತ್ರ. ವ್ಯಾಸ ಸ್ವಲ್ಪ ಕುಗ್ಗಿದರೂ ಗಾಳಿ ಬಹಳ ಕುಗ್ಗುತ್ತದೆ.

ಗಂಗೊಳ್ಳಿ ತಾಂಡೇಲ (ಮೇ 17)

ಹಾಯಿದೋಣಿಯಲ್ಲಿ ಬಲೆ ಇರುವುದಿಲ್ಲ ಸ್ವಾಮಿ. ನಮ್ಮ ಡೆಕ್ಕಿನ ಮೇಲೆ ಕೊಂಬಿನಂತೆ ಏನೇ ಎದ್ದು ನಿಂತರೂ ಹಗ್ಗ ಅದನ್ನೇ ಹುಡುಕಿಕೊಂಡು ಬರುತ್ತದೆ. ಐದು ವರ್ಷದ ಹಿಂದೆ ನಾನು ನಡೆಸುತ್ತಿದ್ದ ಬೋಟಿನ ಯಜಮಾನರು ಡೆಕ್ಕಿನ ನಡುವೆಯೇ ಎರಡು ಅಡಿ ಎತ್ತರದ ಕಬ್ಬಿಣದ ಕೊಂಬೊಂದನ್ನು ಹಾಕಿಸಿದ್ದರು. ಲಂಗರಿನ ಹಗ್ಗ ಅದಕ್ಕೆ ಸುತ್ತಿಕೊಂಡು, ಬೋಟು ಒಮ್ಮೆ ಜಗ್ಗಿದ್ದೇ ತಡ, ಕೊಂಬು ಬುಡಸಮೇತ ಕಿತ್ತುಬಂತು. ಡೆಕ್ಕಿನಲ್ಲಿ ಉಳಿದ ತೂತಿಗೆ ರಾತ್ರಿಯಿಡೀ ಗೋಣಿಚೀಲ ತುರುಕಿ, ಅದರ ಮೇಲೆ ಒಬ್ಬ ಹುಡುಗನನ್ನು ಕೂರಿಸಿ ಧಕ್ಕೆ ಸೇರಿದೆವು.

ಆದ್ದರಿಂದ ಏನೇ ಮಾಡಿದರೂ ವೀಲ್‌ಹೌಸಿನ ಮುಂಗೋಡೆಗೆ ಒತ್ತಿಕೊಂಡಂತೆ ಮಾಡಿ. ಗಾಳಿಬಾಯಿ ಕಬ್ಬಿಣದ್ದೋ ಸ್ಟೀಲಿನದೋ ಆಗಬಾರದು. ಮಣಿಯುವ ಪಿವಿಸಿಯದ್ದು ಬರುತ್ತದೆ, ಹಗ್ಗ ತಾಗಿದರೆ ಬಾಗಿ ಜಾರಿಸಿಬಿಡುತ್ತದೆ. ಅದರ ಮುಂದೆ ಒಂದೂವರೆ ಇಂಚಿನ ಪೈಪನ್ನು ಕಮಾನಿನಂತೆ ಬಗ್ಗಿಸಿ ನಿಲ್ಲಿಸಿ.

ಇನ್ನೊಂದು ವಿಷಯ. ಬಲೆ ಎಳೆಯುವಾಗ ನಮ್ಮ ವೇಗ ಮೂರು ನಾಟ್ ಆಸುಪಾಸು. ಹಿಂದಿನಿಂದ ಅಷ್ಟೇ ವೇಗದ ಗಾಳಿ ಬಂದರೆ ಡೆಕ್ಕಿನ ಮೇಲೆ ಬೀಡಿಯ ಹೊಗೆಯೂ ಅಲುಗುವುದಿಲ್ಲ. ಮುಂದಕ್ಕೆ ಮಾತ್ರ ಬಾಯಿ ತೆರೆದ ಕಿಂಡಿ ಅಂಥ ಹೊತ್ತಿನಲ್ಲಿ ಸತ್ತಂತೆ. ಮಧ್ಯಾಹ್ನ ಕಡಲ ಗಾಳಿ ಒಂದು ಕಡೆಯಿಂದ, ಇರುಳು ನೆಲದ ಗಾಳಿ ಇನ್ನೊಂದು ಕಡೆಯಿಂದ ಬರುವುದರಿಂದ ಬಾಯಿ ತಿರುಗುವಂತಿರಲೇಬೇಕು.

ಫೈಬರ್ ಕೆಲಸದವ (ಮೇ 17)

ತಾಂಡೇಲಣ್ಣ ಹೇಳಿದ ಕಿತ್ತುಬಂದ ಕೊಂಬಿನಂಥವನ್ನು ನಾನು ಮೂರು ಬೋಟುಗಳಲ್ಲಿ ರಿಪೇರಿ ಮಾಡಿದ್ದೇನೆ. ಮೂರರಲ್ಲೂ ತಪ್ಪು ಕೊಂಬಿನದಲ್ಲ, ತೂತು ಕೊರೆದವರದ್ದು. ಫೈಬರಿನ ಎರಡು ಪದರಗಳ ನಡುವೆ ಪ್ಲೈವುಡ್ ಇರುವ ಡೆಕ್ಕನ್ನು ಕೊರೆದು ಹಾಗೆಯೇ ಫ್ಲ್ಯಾಂಜ್ (ಕೊಳವೆಯ ಬುಡದ ಅಗಲ ಅಂಚು) ಕೂರಿಸಿ ಬೋಲ್ಟ್ ಬಿಗಿದುಬಿಡುತ್ತಾರೆ. ಕೊರೆದ ಅಂಚಿನಲ್ಲಿ ಪ್ಲೈವುಡ್ ಬತ್ತಲಾಗಿರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ನೀರು ಕುಡಿದು, ಬೋಲ್ಟುಗಳ ಕೆಳಗೆ ನೆನೆದ ರಸ್ಕಿನಂತೆ ಮೆತ್ತಗಾಗುತ್ತದೆ.

ಸರಿಯಾದ ಕ್ರಮವೆಂದರೆ, ತೂತು ಕೊರೆದ ಮೇಲೆ ಅಂಚಿನ ಸುತ್ತ ಹತ್ತು ಹನ್ನೆರಡು ಮಿ.ಮೀ. ಒಳಗಿನವರೆಗೆ ಪ್ಲೈವುಡ್ಡನ್ನು ಕೆರೆದು ತೆಗೆದು, ಆ ಸಂದನ್ನು ಪುಡಿ ಬೆರೆಸಿ ಗಟ್ಟಿ ಮಾಡಿದ ಇಪಾಕ್ಸಿಯಿಂದ ತುಂಬಬೇಕು. ಪ್ರತಿ ಬೋಲ್ಟಿನ ತೂತಿಗೂ ಹೀಗೆಯೇ: ದೊಡ್ಡದಾಗಿ ಕೊರೆದು, ಇಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಬೇಕು. ಕೆಳಗಡೆ ಒಂದೊಂದು ಬೋಲ್ಟಿಗೆ ಒಂದೊಂದು ವಾಷರ್ ಹಾಕುವ ಬದಲು ಸುತ್ತಲೂ ಒಂದೇ ಬಳೆಯಂಥ ಪಟ್ಟಿ ಕೊಡಿ. ಫ್ಲ್ಯಾಂಜಿನ ಅಡಿಗೆ ಪಾಲಿಯುರಿಥೇನ್ ಸೀಲಂಟ್ ಹಚ್ಚಿ. ಸಿಲಿಕಾನ್ ಹಚ್ಚಿದ ಜಾಗದಲ್ಲಿ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಫೈಬರೂ ಹಿಡಿಯುವುದಿಲ್ಲ; ಅದನ್ನು ಕೆರೆದು ತೆಗೆಯುವ ಕೆಲಸ ಕೊನೆಗೆ ನನ್ನಂಥವನ ಪಾಲಿಗೇ ಬರುತ್ತದೆ.

ಸ್ಟೀಲ್ ಕೊಳ್ಳುವಾಗ 316 ದರ್ಜೆಯದ್ದು ಎಂದೇ ಕೇಳಿ. 304 ಹೊಳೆಯುತ್ತದೆ ನಿಜ, ಆದರೆ ಉಪ್ಪುನೀರಿನಲ್ಲಿ ಬೇಗನೆ ಚುಕ್ಕೆ ಚುಕ್ಕೆ ತುಕ್ಕು ಏಳುತ್ತದೆ. 316ರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಅದು ಹೆಚ್ಚು ತಾಳುತ್ತದೆ.

ಹಡಗಿನ ಇಂಜಿನಿಯರ್ (ಮೇ 18)

ಹಾಯಿಪಟದವರ ಪೆಟ್ಟಿಗೆಯನ್ನು ನಾನು ಒಪ್ಪುತ್ತೇನೆ, ಆದರೆ ಒಂದು ಮಿತಿಯೊಂದಿಗೆ. ತುಂತುರು ಬೇರೆ, ಡೆಕ್ಕಿನ ಮೇಲೆ ಗಟ್ಟಿಯಾಗಿ ಏರಿ ಬರುವ ನೀರು ಬೇರೆ. ಪೆಟ್ಟಿಗೆಯೇ ಮುಳುಗಿದರೆ ಅದು ಬರೀ ತೂತು. ಆದ್ದರಿಂದ ಪೆಟ್ಟಿಗೆಯೂ ಬೇಕು, ಒತ್ತಿ ಕೂರುವ ಮುಚ್ಚಳವೂ ಬೇಕು. 220 ಮಿ.ಮೀ. ವ್ಯಾಸದ ತಟ್ಟೆಯೊಂದರ ಮೇಲೆ ಒಂದು ಮೀಟರ್ ಎತ್ತರದ ಉಪ್ಪುನೀರು ನಿಂತರೆ ಸುಮಾರು 39 ಕೆ.ಜಿ. ಭಾರ ಬೀಳುತ್ತದೆ, ಅಪ್ಪಳಿಸುವ ಅಲೆಯ ಪೆಟ್ಟು ಅದಕ್ಕಿಂತ ಹೆಚ್ಚು. ಸ್ಪಿಂಡಲನ್ನು 20 ಮಿ.ಮೀ. ಎಂದು ಹೇಳಿದ್ದು ಅದಕ್ಕಾಗಿಯೇ.

24 ಮೀಟರಿಗಿಂತ ಉದ್ದದ ಮೀನುಗಾರಿಕಾ ಹಡಗುಗಳಿಗಾಗಿ ರೂಪಿಸಿದ ಅಂತರರಾಷ್ಟ್ರೀಯ ಸುರಕ್ಷತಾ ನಿಯಮಗಳು, 45 ಮೀಟರಿನ ಒಳಗಿನವುಗಳ ಕೆಲಸದ ಡೆಕ್ಕಿನಲ್ಲಿ ಗಾಳಿಕೊಳವೆಯ ಕಟ್ಟೆ (ಡೆಕ್ಕಿನಿಂದ ಮೇಲೆದ್ದ ಭಾಗ) 760 ಮಿ.ಮೀ. ಎತ್ತರವಿರಬೇಕೆನ್ನುತ್ತವೆ. ನಿಮ್ಮ 68 ಅಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಅಷ್ಟು ಎತ್ತರ ಕೇಳುವುದರ ಹಿಂದಿನ ಅನುಭವವನ್ನು ಮರೆಯಬಾರದು: ಎತ್ತರ ಕಡಿಮೆಯಾದಷ್ಟೂ ಮುಚ್ಚಳದ ಮೇಲಿನ ಹೊಣೆ ಹೆಚ್ಚು.

ಇನ್ನು ಬೋಟುಮನೆಯವರಿಗೆ ಒಂದು ಪ್ರಶ್ನೆ. ಆ ಡೀಸೆಲ್ ವಾಸನೆ ಇಂಜಿನ್ ಓಡುವಾಗ ಹೆಚ್ಚೋ, ನಿಲ್ಲಿಸಿದ ಮೇಲೆ ಹೆಚ್ಚೋ?

ಮಲ್ಪೆ ಬೋಟುಮನೆ (ಮೇ 18)

ಹುಡುಗರನ್ನು ಕೇಳಿ ಬಂದೆ. ಓಡುವಾಗ ಸೆಕೆ, ನಿಲ್ಲಿಸಿದ ಮೇಲೆ ವಾಸನೆ ಎನ್ನುತ್ತಾರೆ. ಓಡುವಾಗ ಇಳಿಯುವ ಬಾಗಿಲಿನ ಮುಚ್ಚಳ ಎತ್ತಲು ಬಲ ಹಾಕಬೇಕಂತೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಹಡಗಿನ ಇಂಜಿನಿಯರ್ (ಮೇ 19)

ಇದೆ, ಬಹಳ ಇದೆ. ನಿಮ್ಮ ಇಂಜಿನ್ ಉಸಿರು ಕಟ್ಟಿಕೊಂಡು ಓಡುತ್ತಿದೆ, ಹುಡುಗರ ಕೋಣೆಯ ಗಾಳಿಯನ್ನು ಹಲಗೆಯ ಸಂದಿನಿಂದ ಎಳೆದುಕೊಳ್ಳುತ್ತಿದೆ. ನಿಂತ ಮೇಲೆ ಎಳೆತ ನಿಂತು, ಬಿಸಿಯಾದ ಕೋಣೆಯ ವಾಸನೆ ಅದೇ ಸಂದಿನಿಂದ ಹಿಂದಕ್ಕೆ ಬರುತ್ತಿದೆ.

ಡೀಸೆಲ್ ಇಂಜಿನ್ ಪೂರ್ಣ ಭಾರದಲ್ಲಿ ಒಂದು ಕಿಲೋವಾಟಿಗೆ ಗಂಟೆಗೆ ಸುಮಾರು 210 ಗ್ರಾಂ ಎಣ್ಣೆ ಉರಿಸುತ್ತದೆ. ಗಾಳಿ ಬೇಕಾಗುವುದು ಅದರ ತೂಕದ 25ರಿಂದ 30 ಪಟ್ಟು. ನಿಮ್ಮ ಇಂಜಿನ್ 350 ಅಶ್ವಶಕ್ತಿಯದು, ಅಂದರೆ ಸುಮಾರು 260 ಕಿಲೋವಾಟ್ ಎಂದು ಹಿಡಿದರೆ, ಬರೀ ಉರಿಸುವುದಕ್ಕೇ ಗಂಟೆಗೆ 1,400 ಘನ ಮೀಟರ್ ಗಾಳಿ ಬೇಕು. ಅದು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನುಗ್ಗಬೇಕಾದರೆ 800 ಚದರ ಸೆಂ.ಮೀ. ದಾರಿ ಬೇಕು, ಅಂದರೆ 20×40 ಸೆಂ.ಮೀ. ಅಳತೆಯ ಒಂದು ಕಿಟಕಿ. ಇಂಜಿನ್ ತಂಪಾಗಿಸಲು ಬೇಕಾದ ಗಾಳಿ ಇದರ ಮೇಲೆ. ಮೊದಲು ಆ ದಾರಿ ಮಾಡಿ, ನಡುವಿನ ಹಲಗೆಯ ಸಂದುಗಳನ್ನು ಮುಚ್ಚಿ. ಆಮೇಲೆ ಮಲಗುವ ಕೋಣೆಯ ಕಿಂಡಿಗೆ ಬನ್ನಿ. ಇಲ್ಲವಾದರೆ ಡೆಕ್ಕಿನಲ್ಲಿ ಎಷ್ಟು ತೂತು ಕೊರೆದರೂ ಆ ಗಾಳಿಯೆಲ್ಲ ಇಂಜಿನ್ನಿನ ಹೊಟ್ಟೆಗೇ ಹೋಗುತ್ತದೆ.

ಒಂದು ಎಚ್ಚರಿಕೆ. ಮಲಗುವ ಕೋಣೆಯ ಮುಚ್ಚಳ ಒಳಗಿನಿಂದ ತಿರುಗಬೇಕು, ಆದರೆ ಇಂಜಿನ್ ಕೋಣೆಯ ಕಿಂಡಿಯ ಮುಚ್ಚಳ ಹೊರಗಿನಿಂದಲೇ ಮುಚ್ಚುವಂತಿರಬೇಕು. ಅಲ್ಲಿ ಬೆಂಕಿ ಬಿದ್ದರೆ ಗಾಳಿ ಕಟ್ಟುವುದೇ ಮೊದಲ ಕೆಲಸ. ಮುಚ್ಚಳದ ಹಿಡಿ ಬೆಂಕಿಯ ಮಗ್ಗುಲಲ್ಲಿದ್ದರೆ ಅದನ್ನು ತಿರುಗಿಸಲು ಯಾರು ಹೋಗುತ್ತಾರೆ?

ಮಲ್ಪೆ ಬೋಟುಮನೆ (ಜೂನ್ 22)

ಎಲ್ಲರ ಮಾತನ್ನೂ ಕೂಡಿಸಿ ಒಂದು ನಮೂನೆ ಮಾಡಿಸಿದ್ದೇನೆ. ಇಂಜಿನ್ ಕೋಣೆಗೆ ವೀಲ್‌ಹೌಸಿನ ಹಿಂಗೋಡೆಯಲ್ಲಿ ಹೇಳಿದ ಅಳತೆಯ ಎರಡು ಕಿಟಕಿಗಳು, ಹೊರಗಿನಿಂದ ಬೀಳುವ ಕಬ್ಬಿಣದ ಮುಚ್ಚಳಗಳು. ಅದು ಸುಲಭವಾಗಿ ಮುಗಿಯಿತು.

ಮಲಗುವ ಕೋಣೆಗೆ, ವೀಲ್‌ಹೌಸಿನ ಮುಂಗೋಡೆಗೆ ಒತ್ತಿ 450×250 ಮಿ.ಮೀ. ಅಳತೆಯ, 200 ಮಿ.ಮೀ. ಎತ್ತರದ ಎರಡು ಫೈಬರ್ ಪೆಟ್ಟಿಗೆಗಳು. ಸ್ಕ್ರೂ ಮುಚ್ಚಳವನ್ನು ನಾನು ಹೊರಗೆ ಇಡದೆ ಪೆಟ್ಟಿಗೆಯ ಒಳಗೇ ಇಟ್ಟೆ. ಕೊಳವೆ 100 ಮಿ.ಮೀ. ಎದ್ದಿದೆ, ಅದರ ಮೇಲೆ 180 ಮಿ.ಮೀ. ತಟ್ಟೆ ಪೂರ್ತಿ ತೆರೆದಾಗ 40 ಮಿ.ಮೀ. ಮೇಲೇಳುತ್ತದೆ, ಆಗಲೂ ಪೆಟ್ಟಿಗೆಯ ಮಾಡಿಗೆ ತಾಗುವುದಿಲ್ಲ. ಹಗ್ಗಕ್ಕೆ ಸಿಗುವುದು ಮಣಿಯುವ ಕೌಲ್ ಮಾತ್ರ, ಅದು ಹೋದರೂ ಮುಚ್ಚಳ ಉಳಿಯುತ್ತದೆ.

ಮೊದಲ ಎಡವಟ್ಟು ಲೇತ್ ಅಂಗಡಿಯಲ್ಲಾಯಿತು. ಸ್ಪಿಂಡಲೂ ಸ್ಟೀಲ್, ನಟ್ಟೂ ಸ್ಟೀಲ್ ಮಾಡಿಕೊಟ್ಟರು. ಮೂರನೆಯ ಸಲ ತಿರುಗಿಸುವಾಗ ಕಿರ್ರೆಂದು ಕಚ್ಚಿಕೊಂಡದ್ದು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕೊನೆಗೆ ಗ್ರೈಂಡರಿನಿಂದ ಕತ್ತರಿಸಿದೆವು. ಎರಡನೆಯ ಸಲ ನಟ್ಟನ್ನು ಗನ್‌ಮೆಟಲಿನಲ್ಲಿ (ಒಂದು ಬಗೆಯ ಕಂಚು) ಮಾಡಿಸಿ ಮೆರೈನ್ ಗ್ರೀಸ್ ಹಚ್ಚಿದ್ದೇನೆ, ಈಗ ಎರಡು ಬೆರಳಿನಲ್ಲಿ ತಿರುಗುತ್ತದೆ.

ಎರಡನೆಯದು ನೀರಿನ ಪರೀಕ್ಷೆ. ಮುಚ್ಚಳ ತೆರೆದಿಟ್ಟು ಡೆಕ್ಕು ತೊಳೆಯುವ ಪಂಪಿನ ಪೈಪನ್ನು ನೇರ ಕೌಲಿನ ಬಾಯಿಗೆ ಹಿಡಿದೆ. ಪೆಟ್ಟಿಗೆಯ ಮೂಲೆಗಳಲ್ಲಿ 20 ಮಿ.ಮೀ.ನ ಎರಡು ತೂತುಗಳಿದ್ದವು. ಅರ್ಧ ನಿಮಿಷದೊಳಗೆ ನೀರು ಕೊಳವೆಯ ಬಾಯಿ ಮುಟ್ಟಿತು, ಕೆಳಗೆ ಕುಳಿತಿದ್ದ ತಮ್ಮನ ತಲೆಯ ಮೇಲೇ ಸುರಿಯಿತು. ನಾಲ್ಕೂ ಮೂಲೆಗಳಲ್ಲಿ 60×20 ಮಿ.ಮೀ. ಸೀಳು ಮಾಡಿದ ಮೇಲೆ ನೀರು ಅರ್ಧ ಎತ್ತರವನ್ನೂ ಮುಟ್ಟಲಿಲ್ಲ. ಆದರೆ ಕೋಣೆಯೊಳಗೆ ಕೊಳವೆಯ ಕೆಳಗೆ ಅಗರಬತ್ತಿ ಹಿಡಿದು ನೋಡಿದರೆ ಹೊಗೆ ಮೊದಲಿನಷ್ಟು ಬಾಗಲಿಲ್ಲ. ಸೀಳುಗಳಿಂದ ಗಾಳಿಯೂ ಹೊರಗೆ ಸೋರುತ್ತಿತ್ತು. ಲಾರಿಯ ಹಳೆಯ ಟ್ಯೂಬನ್ನು ಕತ್ತರಿಸಿ ಪ್ರತಿ ಸೀಳಿಗೂ ಹೊರಗಿನಿಂದ ಒಂದು ನಾಲಗೆ ಇಳಿಬಿಟ್ಟೆ. ನೀರು ಒತ್ತಿದರೆ ತೆರೆಯುತ್ತದೆ, ಇಲ್ಲದಿದ್ದರೆ ಮುಚ್ಚಿಕೊಂಡಿರುತ್ತದೆ. ಈಗ ಹೊಗೆ ಮಲಗಿದಂತೆ ಬಾಗುತ್ತದೆ.

ಗಂಗೊಳ್ಳಿ ತಾಂಡೇಲ (ಜೂನ್ 23)

ಟ್ಯೂಬಿನ ನಾಲಗೆ ಒಳ್ಳೆಯದಾಯಿತು, ಡೆಕ್ಕಿನ ನೀರು ಸೀಳಿನಿಂದ ಒಳನುಗ್ಗುವುದನ್ನೂ ಅದು ತಡೆಯುತ್ತದೆ. ಕೈಚಕ್ರದ ಪಕ್ಕದಲ್ಲಿ ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆಂದು ಬಾಣ ಬರೆಸಿ. ಕತ್ತಲಲ್ಲಿ ನಿದ್ದೆಗಣ್ಣಿನಲ್ಲಿ ಎದ್ದವನು ಅವಸರದಲ್ಲಿ ತೆರೆಯುವ ಕಡೆಗೇ ತಿರುಗಿಸುತ್ತಾನೆ.

ಹಾಯಿಪಟ (ಜೂನ್ 23)

ಸೊಳ್ಳೆಪರದೆ ಹಾಕುವುದಾದರೆ ಕೊಳವೆಯ ಕೆಳತುದಿಗೆ ಕಳಚುವ ಬಳೆಯಲ್ಲಿ ಹಾಕಿ. ಸಣ್ಣ ಕಣ್ಣಿನ ಬಲೆ ಗಾಳಿಯ ದಾರಿಯಲ್ಲಿ ಅರ್ಧದಷ್ಟನ್ನು ನುಂಗುತ್ತದೆ, ಧೂಳು ಹಿಡಿದ ಮೇಲೆ ಇನ್ನೂ ಹೆಚ್ಚು. ಧಕ್ಕೆಯಲ್ಲಿರುವಾಗ ಹಾಕಿಕೊಂಡು, ಕಡಲಿಗೆ ಇಳಿದ ಮೇಲೆ ತೆಗೆದಿಡಬಹುದು.

ಮಲ್ಪೆ ಬೋಟುಮನೆ (ನವೆಂಬರ್ 9)

ಮೂರು ತಿಂಗಳು ಕಳೆದಿದೆ, ವರದಿ ಒಪ್ಪಿಸುತ್ತೇನೆ. ಹುಡುಗರು ಕೆಳಗೇ ಮಲಗುತ್ತಿದ್ದಾರೆ. ಬಾಗಿಲಿನ ಮುಚ್ಚಳ ಎತ್ತಲು ಈಗ ಬಲ ಬೇಕಾಗುವುದಿಲ್ಲ. ಕಡಲು ಸುಮಾರಾಗಿ ಎದ್ದಿರುವಾಗ ಮುಚ್ಚಳವನ್ನು ಎರಡು ಸುತ್ತು ಮಾತ್ರ ತೆರೆದಿಡುವುದು ಅವರಿಗೆ ರೂಢಿಯಾಗಿದೆ. ತೀರಾ ಜೋರಾದ ಎರಡು ರಾತ್ರಿ ಪೂರ್ತಿ ಮುಚ್ಚಿದ್ದರಂತೆ, ಹನಿ ನೀರೂ ಬರಲಿಲ್ಲ. ಎಡಗಡೆಯ ಕೌಲನ್ನು ಹಗ್ಗವೊಂದು ಕಿತ್ತುಕೊಂಡು ಹೋಯಿತು. ಮರುದಿನ ಅದರ ಜಾಗದಲ್ಲಿ ತಳ ಕತ್ತರಿಸಿದ ಎಣ್ಣೆಯ ಕ್ಯಾನೊಂದನ್ನು ಕಟ್ಟಿಕೊಂಡೇ ಉಳಿದ ಆರು ದಿನ ಕಳೆದರು.

ಒಂದು ತೊಂದರೆ ಉಳಿದಿದೆ. ತಟ್ಟೆಯ ಗ್ಯಾಸ್ಕೆಟಿನಲ್ಲಿ ಕೊಳವೆಯ ಅಂಚು ಆಳವಾಗಿ ಗುರುತು ಕೊರೆದಿದೆ, ಬಿಗಿ ಮಾಡಿದಷ್ಟೂ ಕತ್ತರಿಸುತ್ತಿದೆ. ಬೇರೆ ರಬ್ಬರ್ ಹಾಕಲೇ, ಕೊಳವೆಯ ಅಂಚನ್ನು ದುಂಡಗೆ ಮಾಡಲೇ?

ಹಡಗಿನ ಇಂಜಿನಿಯರ್ (ನವೆಂಬರ್ 9)

ಅಂಚಿಗೆ 6 ಮಿ.ಮೀ. ಸ್ಟೀಲ್ ಸರಳನ್ನು ಬಳೆಯಂತೆ ಬಗ್ಗಿಸಿ ಬೆಸುಗೆ ಹಾಕಿಸಿ, ಆಮೇಲೆ ನಿಯೋಪ್ರೀನ್ ಗ್ಯಾಸ್ಕೆಟ್ ಹಾಕಿ. ಬೆಸುಗೆ ಹಾಕಿಸುವಾಗ ಮಾತ್ರ ಕೊಳವೆಯನ್ನು ಡೆಕ್ಕಿನಿಂದ ಬಿಚ್ಚಿ ಹೊರಗೆ ಒಯ್ಯಿರಿ.